ಲೀನ್ಕೆಯ ಮೊದಲ ಮಿಕ

ಕೂನ್‌ರಾಡ್ ಈ ಬೇಟೆ ಪ್ರವಾಸವನ್ನು ಒಂದು ವರ್ಷ ಮೊದಲೇ ಅಡುಗೆಮನೆಯ ಮೇಜಿನ ಮೇಲೆ ಆಡಿ ಮುಗಿಸಿದ್ದ. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ನಕ್ಷೆ ಬಿಡಿಸದೆ ಪಕ್ಕದ ಬೀದಿಗೂ ಹೋಗುವ ಆಸಾಮಿಯಲ್ಲ. ಜುಲೈನ ಚಳಿಗಾಲದ ರಜೆಯಲ್ಲಿ ನಾಲ್ಕು ದಿನ, ಕರೂ ಬಯಲಿನ ಒಂದು ಕುರಿ ಫಾರಂ. ಹಾಸಿಗೆ ತಮ್ಮದೇ, ಅಡುಗೆ ತಮ್ಮದೇ. ಕೊಂಬು ಗೋಡೆಗೆ ಹಾಕುವ ದೊಡ್ಡವರ ಶೋಕಿ ಬೇಡ, ಮಾಂಸ ಸಿಕ್ಕರೆ ಸಾಕು. ಗುಂಡು ಕೂಡ ಅಂಗಡಿಯದಲ್ಲ. ಚಳಿಗಾಲ ಶುರುವಾದಾಗ ಅಪ್ಪ ಮಗಳು ಇಬ್ಬರೂ ಮೇಜಿನ ಎರಡು ಕಡೆ ಕೂತು ಮದ್ದು ತೂಗಿ, ಒಂದೊಂದಾಗಿ ತುಂಬಿದ್ದರು. ಮಾಂಸದಲ್ಲಿ ಸೀಸ ಸೇರಿದರೆ ತಾನು ಒಣಗಿಸುವುದಿಲ್ಲ ಎಂದು ಹೆಂಡತಿ ಹೆಸ್ಟರ್ ಹಟ ಹಿಡಿದಿದ್ದರಿಂದ ಗುಂಡುಗಳು ಅಪ್ಪಟ ತಾಮ್ರದವು.

ಹೊಡೆಯುವ ಒಂದೊಂದು ಮಿಕಕ್ಕೂ ಫಾರಮ್ಮಿಗೆ ದುಡ್ಡು ಕಟ್ಟಬೇಕು; ಇಷ್ಟೆಲ್ಲ ಜುಗ್ಗತನ ಮಾಡಿದರೂ ಕೈಗೆಟುಕಿದ್ದು ಎರಡೇ ಮಿಕ. ಹೆಸ್ಟರಳಿಗೆ ಒಂದು ಸ್ಪ್ರಿಂಗ್‌ಬಾಕ್ ಜಿಂಕೆ, ಹದಿನಾಲ್ಕು ತುಂಬಿದ ಲೀನ್ಕೆಗೆ ಅದಕ್ಕಿಂತ ದೊಡ್ಡ ಜಾತಿಯ ಒಂದು ಬ್ಲೆಸ್‌ಬಾಕ್ ಜಿಂಕೆ.

"ಮತ್ತೆ ನಿಂಗೆ?" ಎಂದಿದ್ದಳು ಮಗಳು.

"ನಾನು ಬೇಕಾದಷ್ಟು ಹೊಡೆದಾಯ್ತು ಪುಟ್ಟಿ. ಈ ಸಲ ನಿಂದು. ನಿನ್ನ ಮುಖಕ್ಕೆ ರಕ್ತ ಹಚ್ಚೋದಷ್ಟೇ ನನ್ನ ಕೆಲಸ."

ಹೆಸ್ಟರ್ ಈ ತ್ಯಾಗದ ಸುದ್ದಿಯನ್ನು ಚರ್ಚಿನಲ್ಲೂ ತವರಿನಲ್ಲೂ ಸಾರಿ ಬಂದಿದ್ದಳು. ಕೂನ್‌ರಾಡ್ ಕೇಳಿಸಿಕೊಳ್ಳದವನಂತೆ ನಿಂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಿದ್ದ. ಮೊದಲ ಮಿಕ ಬಿದ್ದ ದಿನ ಮನೆಯ ಹಿರಿಯ ಅದರ ರಕ್ತವನ್ನು ಮಗುವಿನ ಹಣೆಗೆ, ಕೆನ್ನೆಗೆ ಬಳಿಯುತ್ತಾನೆ; ಮಲಗುವ ತನಕ ತೊಳೆಯುವಂತಿಲ್ಲ. ಅವನಿಗೆ ಅವನಪ್ಪ ಬಳಿದಿದ್ದ. ಯೋಜನೆಯ ಕೊನೆಯ ಸಾಲಿನಲ್ಲಿ ಅವನು ಬರೆದುಕೊಂಡಿದ್ದೂ ಅದನ್ನೇ: ಮುಖಕ್ಕೆ ರಕ್ತ ಹಚ್ಚಿಕೊಂಡ ಲೀನ್ಕೆ, ಪಕ್ಕದಲ್ಲಿ ನಾನು, ಫೋಟೋ ತೆಗೆಯುವವಳು ಹೆಸ್ಟರ್.

ಫಾರಮ್ಮಿನ ಒಡತಿ ದಲೀನಾ, ಅರವತ್ತು ದಾಟಿದ ವಿಧವೆ. ಬಂದ ದಿನವೇ ಬಾಗಿಲಲ್ಲಿ ನಿಲ್ಲಿಸಿಕೊಂಡು ಹೇಳಿದ್ದಳು. "ನೆಲಕ್ಕೆ ಒಂದು ತೊಟ್ಟು ರಕ್ತ ಬಿತ್ತೋ, ಅದು ನಿಮ್ಮ ಮಿಕ. ಸಿಕ್ಕಿದ್ರೂ ನಿಮ್ದೇ, ಸಿಗದಿದ್ರೂ ನಿಮ್ದೇ. ಗಾಯ ಆಯ್ತು ಅಂತ ಹೇಳ್ಬೇಕಾದೋರು ಹೊಡೆದೋರು. ಜಾಡು ಹಿಡಿಯೋ ನಮ್ಮ ಗೆರ್ಟ್ ಬಂದು ಚಾಡಿ ಹೇಳೋನಲ್ಲ."

"ರಕ್ತ ಕಂಡ್ರೆ ಸೂರ್ಯ ಮುಳುಗೋವರೆಗೂ ಜಾಡು ಬಿಡಬಾರ್ದು. ಅಪ್ಪ ಹೇಳಿಕೊಟ್ಟಿದ್ದಾನೆ," ಎಂದಳು ಲೀನ್ಕೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ದಲೀನಾಗೆ ಅಲ್ಲೇ ಅವಳ ಮೇಲೆ ಪ್ರೀತಿ ಹುಟ್ಟಿತು.

ಮೊದಲ ದಿನ ಹೆಸ್ಟರ್ ಒಂದೇ ಈಡಿಗೆ ಸ್ಪ್ರಿಂಗ್‌ಬಾಕ್ ಕೆಡವಿದಳು. ಎರಡನೆಯ ದಿನ ಬೆಳಿಗ್ಗೆ ಲೀನ್ಕೆ ದಲೀನಾಳ ಅಡುಗೆಮನೆಯಲ್ಲಿ ಹಿಟ್ಟು ನಾದಲು ನಿಂತಳು. ಕೂನ್‌ರಾಡ್ ಜಾಡುಗಾರ ಗೆರ್ಟ್‌ನ ಜೊತೆ ಮರುದಿನದ ಬೇಟೆಗೆ ಬ್ಲೆಸ್‌ಬಾಕ್ ಹಿಂಡು ನೋಡಿಬರಲು ಹೊರಟ.

"ಬರೀ ನೋಡಿಬರೋಕೆ ಕೋವಿ ಯಾಕೆ ಮೇಷ್ಟ್ರೇ?" ಗೆರ್ಟ್ ಕೇಳಿದ. ಅವನ ಹಲ್ಲಿಲ್ಲದ ಬಾಯಲ್ಲಿ ಪೈಪು ಸದಾ ಆರಿರುತ್ತಿತ್ತು.

"ಅಭ್ಯಾಸ ಕಣಪ್ಪ."

ಗುಡ್ಡದ ಬೆನ್ನು ಹತ್ತಿ ಇಣುಕಿದರೆ ಕೆಳಗೆ ಒಂಟಿ ಗಂಡು ಬ್ಲೆಸ್‌ಬಾಕ್ ನಿಂತಿತ್ತು. ಮುಖದ ಬಿಳಿ ಪಟ್ಟೆ ಇಬ್ಬನಿಯಲ್ಲಿ ಹೊಳೆಯುತ್ತಿತ್ತು. ಕೊಂಬು ಎಷ್ಟುದ್ದ! ಇಪ್ಪತ್ತು ವರ್ಷದಲ್ಲಿ ಅಂಥದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಕೂನ್‌ರಾಡ್ ಮನಸ್ಸಿನಲ್ಲಿ ಏನನ್ನೂ ತೀರ್ಮಾನಿಸಲಿಲ್ಲ. ತೀರ್ಮಾನಿಸಿದ್ದರೆ ಆಮೇಲೆ ತನ್ನನ್ನು ತಾನು ಬೈದುಕೊಳ್ಳಲಾದರೂ ಅನುಕೂಲವಾಗುತ್ತಿತ್ತು. ಕೋವಿ ಹೆಗಲಿಗೆ ಬಂತು, ಬೆರಳು ಎಳೆಯಿತು. ಮಿಕ ಬೆನ್ನು ಡೊಂಕು ಮಾಡಿ, ಒದ್ದಾಡಿಕೊಂಡು ಪೊದೆಗಳ ಹಿಂದೆ ಮರೆಯಾಯಿತು.

ಗೆರ್ಟ್ ಇಳಿದುಹೋಗಿ ನೆಲ ನೋಡಿದ. ಒಂದು ಹುಲ್ಲೆಸಳು ಕಿತ್ತು, ಬೆರಳಲ್ಲಿ ಉಜ್ಜಿ, ಮೂಸಿದ. ರಕ್ತ, ಅದರಲ್ಲಿ ಹಸಿರು ಕಲೆ.

"ಹೊಟ್ಟೆಗೆ ಬಿದ್ದಿದೆ ಮೇಷ್ಟ್ರೇ. ಬೇಗ ಸಾಯಲ್ಲ. ಹಿಂದೆ ಹೋಗೋಣ."

ಹೋದರೆ ಅದು ಲೆಕ್ಕಕ್ಕೆ ಬಂದಂತೆ. ಉಳಿದಿದ್ದು ಒಂದೇ ಮಿಕ, ಅದು ಮಗಳದು. ಅದನ್ನು ಅಪ್ಪ ತಿಂದುಹಾಕಿದ ಎಂದು ಹೇಗೆ ಹೇಳುವುದು? ಕೂನ್‌ರಾಡ್ ನೆಲ ನೋಡದೆ ಹೇಳಿದ. "ಇಲ್ಲ, ತಪ್ಪಿತು. ಮಣ್ಣು ಹಾರಿದ್ದು ನಾನೇ ನೋಡಿದೆ."

ಗೆರ್ಟ್ ಕೈಯಲ್ಲಿದ್ದ ಎಸಳನ್ನು ನೋಡಿದ, ಅವನ ಮುಖ ನೋಡಿದ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಮೇಷ್ಟ್ರು ನೋಡಿದ್ದಾರೆ ಅಂದ್ಮೇಲೆ ಆಯ್ತು ಬಿಡಿ."

ಈಡಿನ ಸದ್ದು ಕೇಳಿದ್ದ ಹೆಂಗಸರಿಗೆ ಕಲ್ಲಿಗೆ ಹೊಡೆದು ಕೋವಿ ಪರೀಕ್ಷೆ ಮಾಡಿದೆ ಎಂದ. ಎಲ್ಲರೂ ನಂಬಿದರು. ನಂಬಿಕೆ ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಅಂದು ಸಂಜೆ ಬೆಂಕಿಯ ಸುತ್ತ ಮಾಂಸ ಸುಡುತ್ತ ಕೂತಾಗ ಗೆರ್ಟ್ ಇರಲಿಲ್ಲ.

"ಮಧ್ಯಾಹ್ನನೇ ಹೋದ, ಕಾಲ್ನಡಿಗೇಲಿ," ಎಂದಳು ದಲೀನಾ. "ಏನೋ ಹುಡುಕ್ಬೇಕು ಅಂದ. ಅವನ ಮಂಡಿ ಕೇಳುತ್ತಾ? ಮುದುಕನಿಗೆ ಬುದ್ಧಿ ಇಲ್ಲ."

ಕೂನ್‌ರಾಡ್ ಮಾಂಸದ ತಟ್ಟೆಯನ್ನು ಕೆಳಗಿಟ್ಟ. ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ಮಗಳು ಅವನ ಭುಜಕ್ಕೊರಗಿ, "ನಾಳೆ ನನ್ನ ಕೈ ನಡುಗಿದ್ರೆ ಏನಪ್ಪಾ ಮಾಡ್ಲಿ?" ಎಂದು ಕೇಳಿದಳು. ಉಸಿರು ಬಿಟ್ಟು ಅರ್ಧಕ್ಕೆ ನಿಲ್ಲಿಸು ಎಂದು ಹೇಳಿಕೊಟ್ಟ. ಹೇಳಬೇಕಾದದ್ದು ಹಾಗೇ ಉಳಿಯಿತು.

ಮೂರನೆಯ ದಿನ ಬೆಳಿಗ್ಗೆ ಗೆರ್ಟ್ ಕುಂಟುತ್ತ ಮುಂದೆ ನಡೆದ. ಹಿಂಡು ಎಡಕ್ಕೆ, ಬಿಸಿಲಿನಲ್ಲಿ ಮೇಯುತ್ತಿತ್ತು. ಅವನು ಅದನ್ನು ತೋರಿಸಿದ. ಆಮೇಲೆ ಬಲಕ್ಕೆ, ಒಣಗಿದ ಕೆರೆಯಂಗಳದ ಅಂಚಿಗೆ ಕೈ ಚಾಚಿದ. ಅಲ್ಲಿ ಒಂದೇ ಒಂದು ಬ್ಲೆಸ್‌ಬಾಕ್ ಅವರ ಕಡೆಗೇ ಮುಖ ಮಾಡಿ, ತಲೆ ಇಳಿಬಿಟ್ಟು ನಿಂತಿತ್ತು. ಕೂನ್‌ರಾಡ್ ಕೊಂಬು ನೋಡಿದ ಕೂಡಲೇ ಗುರುತಿಸಿದ. ಕಾಲ ಕೆಳಗಿನ ನೆಲ ಬಿರಿಯಬಾರದೇ ಅನ್ನಿಸಿತು.

"ಅದಕ್ಕೇನೋ ಆಗಿದೆ ಗೆರ್ಟ್ ತಾತ," ಲೀನ್ಕೆ ಪಿಸುಗುಟ್ಟಿದಳು.

"ಆಗಿದೆ ಮಗಾ. ನಿಂಗಿರೋದು ಒಂದೇ ಮಿಕ. ಯಾವ್ದು ಅಂತ ನೀನೇ ನೋಡು."

"ಹಿಂಡಿಗೇ ಹೋಗೋಣ ಪುಟ್ಟಿ," ಎಂದ ಕೂನ್‌ರಾಡ್. ಧ್ವನಿ ಅವನದೇ ಅನ್ನಿಸಲಿಲ್ಲ.

ಲೀನ್ಕೆ ಹಿಂಡಿನ ಕಡೆ ಒಮ್ಮೆ ಆಸೆಯಿಂದ ನೋಡಿದಳು. ಅವಳಿಗೆ ಅಳು ಬಂದಂತಿತ್ತು. ಆಮೇಲೆ ಮಂಡಿಯೂರಿ, ಉಸಿರು ಅರ್ಧಕ್ಕೆ ನಿಲ್ಲಿಸಿ, ಆ ನರಳುತ್ತಿದ್ದ ಜೀವಕ್ಕೆ ಗುರಿಯಿಟ್ಟಳು. ಅದು ನಿಂತಲ್ಲೇ ಕುಸಿಯಿತು.

ಹತ್ತಿರ ಹೋದಾಗ ಹೊಟ್ಟೆಯ ಮೇಲಿನ ಹಳೆಯ ತೂತು ಕಂಡಿತು. ಸುತ್ತಲೂ ರಕ್ತ ಒಣಗಿ ಕಪ್ಪಾಗಿತ್ತು.

"ಯಾರಪ್ಪಾ ಇದು ಮಾಡಿದ್ದು?"

"ಬೇಲಿ ಹಾರಿ ಬರೋ ಕಳ್ಳರಿರ್ತಾರೆ," ಎಂದ ಕೂನ್‌ರಾಡ್.

"ಹೇಡಿ ನನ್ಮಗ! ಹೊಡೆದು ಹಾಗೇ ಬಿಟ್ಟುಹೋಗೋದಾ? ಅವನ ಕೈಗೆ ಕೋವಿ ಕೊಟ್ಟೋರಿಗೆ ನಾಚಿಕೆಯಾಗ್ಬೇಕು. ಅಲ್ವಾಪ್ಪಾ?"

"ಹೌದು," ಎಂದ ಕೂನ್‌ರಾಡ್.

ಗೆರ್ಟ್ ಪೈಪಿಗೆ ತಂಬಾಕು ತುಂಬುತ್ತಿದ್ದವನು ಒಂದು ಸಲ ತಲೆಯೆತ್ತಿ ನೋಡಿ, ಮತ್ತೆ ತುಂಬತೊಡಗಿದ.

ಚರ್ಮ ಸುಲಿಯುವ ಕೊಟ್ಟಿಗೆಯಲ್ಲಿ ದಲೀನಾ ತಾನೇ ಚಾಕು ಹಿಡಿದಳು. ಹೆಸ್ಟರ್ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಗುಂಡು ಎದೆಗೂಡಿನಲ್ಲಿ ಸಿಕ್ಕಿತು, ಇನ್ನೊಂದು ಹಿಂದಿನ ತೊಡೆಯ ಚರ್ಮದಡಿಯಲ್ಲಿ. ದಲೀನಾ ಎರಡನ್ನೂ ತೊಳೆದು ತಗಡಿನ ತಟ್ಟೆಯಲ್ಲಿಟ್ಟಳು. ಎರಡೂ ತಾಮ್ರದವು. ನಾಲ್ಕು ಎಸಳು ಬಿಚ್ಚಿಕೊಂಡು, ಒಂದೇ ಗಿಡದ ಹೂಗಳ ಹಾಗೆ ಕೂತಿದ್ದವು.

"ನಮ್ಮ ಸುತ್ತಮುತ್ತ ಎಲ್ರೂ ಸೀಸದ್ದೇ ಹಾಕೋದು," ಎಂದಳು ದಲೀನಾ, ಯಾರನ್ನೂ ನೋಡದೆ.

ಲೀನ್ಕೆ ತಟ್ಟೆ ನೋಡಿದಳು. ಮೇಜಿನ ಆ ಬದಿ ಕೂತು ಒಂದೊಂದನ್ನೂ ತೂಗಿದವಳು ಅವಳೇ ಅಲ್ಲವೇ? ನಿಧಾನವಾಗಿ ಅಪ್ಪನ ಕಡೆ ತಿರುಗಿದಳು. ಕೂನ್‌ರಾಡನ ಮುಖ ಕಾದ ಹೆಂಚಾಗಿತ್ತು. ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ಗುದ್ದುತ್ತಿದ್ದರು.

"ಎರಡೂ ನಂದೇ ಆಂಟಿ," ಎಂದಳು ಹುಡುಗಿ. "ಮೊದಲನೇದು ಸರಿಯಾಗಿ ಬೀಳ್ಲಿಲ್ಲ."

"ಈ ಗಾಯ ನಿನ್ನೆ ಬೆಳಗಿಂದು ಕಣೇ," ದಲೀನಾ ಮೆತ್ತಗೆ ಹೇಳಿದಳು. "ನಿನ್ನೆ ಬೆಳಿಗ್ಗೆ ನೀನು ನನ್ನ ಪಕ್ಕ ನಿಂತು ಹಿಟ್ಟು ನಾದ್ತಾ ಇದ್ದೆ."

ಆಗ ಬಾಯಿ ಬಿಟ್ಟ ಕೂನ್‌ರಾಡ್. ಎಲ್ಲರಿಗೂ ಗೊತ್ತಾದ ಮೇಲೆ ಹೇಳುವ ಸತ್ಯಕ್ಕೆ ಏನು ಬೆಲೆ? ಆದರೂ ಹೇಳಿದ. "ನಾನು. ನಾನೇ ಹೊಡೆದಿದ್ದು. ಗೆರ್ಟ್ ರಕ್ತ ತೋರಿಸಿದ, ಇಲ್ಲ ಅಂದೆ."

ಹೆಸ್ಟರ್ ಕ್ಯಾಮೆರಾ ಇಳಿಸಿದಳು. "ಕಲ್ಲಿಗೆ ಹೊಡೆದೆ ಅಂದ್ಯಲ್ಲ," ಎಂದಳು. ಅಷ್ಟೇ.

"ಹಾಗಾದ್ರೆ ಇದು ಮೇಷ್ಟ್ರ ಮಿಕ," ಎಂದಳು ದಲೀನಾ. "ಹುಡುಗೀದು ಲೆಕ್ಕಕ್ಕಿಲ್ಲ. ನಾಳೆ ಬೇಕಾದ್ರೆ ಅವಳನ್ನ ಹಿಂಡಿಗೆ ಕರ್ಕೊಂಡು ಹೋಗು ಗೆರ್ಟ್. ನಾನು ಕೊಡ್ತೀನಿ, ದುಡ್ಡೇನೂ ಬೇಡ."

"ಬೇಡ ಆಂಟಿ," ಎಂದಳು ಲೀನ್ಕೆ. "ಇದೇ ನಂದು."

ದಲೀನಾ ರಕ್ತದ ಬಟ್ಟಲನ್ನು ಮುಂದೆ ತಳ್ಳಿದಳು. ಕೂನ್‌ರಾಡ್ ಅಭ್ಯಾಸಬಲದಿಂದಲೋ, ಒಂದು ವರ್ಷ ಕನಸು ಕಂಡ ಬಲದಿಂದಲೋ, ಎರಡು ಬೆರಳು ಅದ್ದಿ ಮಗಳ ಕಡೆ ಕೈ ಎತ್ತಿದ. ಲೀನ್ಕೆ ಒಂದು ಹೆಜ್ಜೆ ಹಿಂದೆ ಸರಿದಳು. ಸಿಟ್ಟಿನಿಂದಲ್ಲ, ಬಿಸಿ ಪಾತ್ರೆಯಿಂದ ಸರಿದುಕೊಳ್ಳುವ ಹಾಗೆ.

"ಗೆರ್ಟ್ ತಾತ ಹಚ್ಚಲಿ."

ಗೆರ್ಟ್ ಪೈಪನ್ನು ಜೇಬಿಗಿಟ್ಟು, ಟೋಪಿ ತೆಗೆದು ಮುಂದೆ ಬಂದ. ಅವಳು ಕಣ್ಣು ಮುಚ್ಚಿದಳು. ಅವನ ಒರಟು ಹೆಬ್ಬೆರಳು ಹಣೆಯ ಮೇಲೆ, ಎರಡೂ ಕೆನ್ನೆಗಳ ಮೇಲೆ ಹರಿಯಿತು. ಕಣ್ಣು ತೆರೆದಾಗ ಅವಳ ಅಮ್ಮ ಬಾಗಿಲ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕ್ಯಾಮೆರಾ ಬೆಂಚಿನ ಮೇಲಿತ್ತು.

"ಅಪ್ಪಾ," ಎಂದಳು ಲೀನ್ಕೆ, ಗೆರ್ಟ್‌ನ ಪಕ್ಕದಲ್ಲಿ ನೆಟ್ಟಗೆ ನಿಂತು. "ನೀನು ಫೋಟೋ ತೆಗಿ."

ಕೂನ್‌ರಾಡ್ ಬೆರಳಿನ ರಕ್ತವನ್ನು ಪ್ಯಾಂಟಿಗೆ ಒರೆಸಿಕೊಂಡು ಕ್ಯಾಮೆರಾ ಎತ್ತಿಕೊಂಡ.