ಲಿವಿಯುವಿನ ಹೆಸರಲ್ಲಿ ಕೊಟ್ಟ ವೈಫೈ

ಚಿತ್ರ ಮತ್ತೆ ನಿಂತಿತು. ಪರದೆಯ ಮೇಲೆ ವಿದ್ಯಾರ್ಥಿಯ ಬಾಯಿ ತೆರೆದುಕೊಂಡೇ ಉಳಿಯಿತು. ಮಿರೂನಾ ಹಣೆ ಚಚ್ಚಿಕೊಂಡಳು. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಇಟಾಲಿಯನ್ ಕಲಿಸುವ ಕೆಲಸ ಅವಳದು. ಇನ್ನೊಮ್ಮೆ ಪಾಠ ಕಡಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಂಪನಿಯವರು ಬೆಳಿಗ್ಗೆಯೇ ಹೇಳಿದ್ದರು. ಅಣ್ಣ ಲಿವಿಯು ತೀರಿಕೊಂಡ ಮೇಲೆ ಮನೆ ನಡೆಯುವುದೇ ಆ ಕೆಲಸದಿಂದ.

ರೂಟರನ್ನು ಆರಿಸಿ ಹಚ್ಚಿದ್ದಾಯಿತು. ಅಮ್ಮ ಅದಕ್ಕೆ ಹೊದಿಸಿದ್ದ ಕ್ರೋಶಾ ಬಟ್ಟೆ ತೆಗೆದದ್ದಾಯಿತು, ಗಾಜಿನ ಬೀರುವಿನೊಳಗಿಂದ ಅದರ ನೆತ್ತಿಗೇರಿಸಿದ್ದೂ ಆಯಿತು. ಏನು ಮಾಡಿದರೂ ಆಮೆ ನಡಿಗೆಯೇ. ಬೇಸತ್ತು ಬಾಗಿಲು ತೆರೆದರೆ, ಮೆಟ್ಟಿಲ ಮೇಲೆ ಕೆಳಮನೆಯ ವೆತೂರಿಯಾ ಮುದುಕಿ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತ ಕೂತಿದ್ದಳು.

"ದೇವರು ನಿಮ್ಮಣ್ಣನ್ನ ಕ್ಷಮಿಸ್ಲಿ ಕಣಮ್ಮ," ಎಂದಳು ಮುದುಕಿ, ಸತ್ತವರ ಹೆಸರಿನ ದಾನ ಪಡೆದವರು ಹೇಳುವ ಹಾಗೆ. "ಇಲ್ಲಿ ಕೂತ್ರೆ ಚೆನ್ನಾಗ್ ಬರುತ್ತೆ. ನಿಮ್ಮಮ್ಮ ಇಡೀ ವಠಾರಕ್ಕೇ ಪಾಸ್‌ವರ್ಡ್ ಕೊಟ್ಟಿದ್ದಾಳಲ್ಲ, ಪುಣ್ಯಾತ್ಗಿತ್ತಿ."

ಅಡುಗೆಮನೆಯಲ್ಲಿ ಅಮ್ಮ ನಾಳೆ ಲಿವಿಯುವಿನ ಆತ್ಮಕ್ಕಾಗಿ ನಡೆಯುವ ಪ್ರಾರ್ಥನೆಯಲ್ಲಿ ಹಂಚಲು ಗೋಧಿ ಬೇಯಿಸುತ್ತಿದ್ದಳು.

"ಏನಮ್ಮಾ ಇದು? ಸತ್ತವರ ಹೆಸ್ರಲ್ಲಿ ಜನ ರೊಟ್ಟಿ ಕೊಡ್ತಾರೆ, ಬಟ್ಟೆ ಕೊಡ್ತಾರೆ. ವೈಫೈ ಕೊಡೋರನ್ನ ಎಲ್ಲಾದ್ರೂ ಕಂಡಿದ್ದೀಯಾ?"

"ಇಲ್ಲಿ ಕೊಟ್ಟದ್ದೇ ಅಲ್ಲಿ ಅವನಿಗೆ ಸಿಗೋದು. ರೊಟ್ಟೀನ ಅವ್ನು ಯಾವತ್ತು ನೆಟ್ಟಗೆ ತಿಂದ? ಮೂರು ಹೊತ್ತೂ ಆ ಕಂಪ್ಯೂಟರ್ ಮುಂದೇನೇ. ಅದಿಲ್ದೆ ಅಲ್ಲಿ ಹೇಗೆ ಕಾಲ ಕಳೀತಾನೆ, ಹೇಳು." ಅಮ್ಮ ಸೌಟು ತಿರುಗಿಸುತ್ತಲೇ ಇದ್ದಳು. "ಪಾಸ್‌ವರ್ಡ್ ಬದಲಾಯಿಸ್ಬೇಕಾದ್ರೆ ಬದಲಾಯ್ಸು. ನಿನ್ನ ಕೆಲ್ಸಾನೂ ನಡೀಬೇಕಲ್ಲ."

ಮಿರೂನಾಗೆ ನಗು ಬಂತು, ಅದರ ಬೆನ್ನಿಗೇ ಅಳು. ಪಾಸ್‌ವರ್ಡ್ ಬದಲಾಯಿಸುವ ಪುಟ ತೆರೆದವಳು ಹಾಗೇ ಮುಚ್ಚಿದಳು. ಇಂಟರ್ನೆಟ್ಟನ್ನು ರೂಟರಿನಿಂದ ನೇರ ತಂತಿಯಲ್ಲಿ ತೆಗೆದುಕೊಂಡರೆ ಗಾಳಿಯಲ್ಲಿ ಬರುವುದಕ್ಕೆ ಯಾರು ಎಷ್ಟು ಮುಗಿಬಿದ್ದರೂ ಅಷ್ಟು ತೊಂದರೆಯಿಲ್ಲ. ಆದರೆ ಮನೆಯಲ್ಲಿದ್ದ ತಂತಿ ಒಂದೇ. ಲಿವಿಯು ತನ್ನ ಆಟಗಳಿಗೆಂದು ಗೋಡೆಗುಂಟ ಮೊಳೆ ಹೊಡೆದು ತನ್ನ ಕೋಣೆಗೆ ಎಳೆದುಕೊಂಡದ್ದು. ಅವನನ್ನು ಮಣ್ಣು ಮಾಡಿ ಬಂದಂದಿನಿಂದ ಆ ಕೋಣೆಯ ಬಾಗಿಲನ್ನು ಯಾರೂ ತೆಗೆದಿರಲಿಲ್ಲ.

ಮುಂದಿನ ಪಾಠಕ್ಕೆ ಹೊತ್ತಾಗಿತ್ತು. ಅವಳು ಲ್ಯಾಪ್‌ಟಾಪ್ ಹಿಡಿದು, ಬಾಗಿಲು ತಳ್ಳಿ ಒಳಗೆ ಹೋಗಿ ಅಣ್ಣನ ಕುರ್ಚಿಯಲ್ಲಿ ಕೂತಳು. ತಂತಿ ಸಿಕ್ಕಿಸಿದೊಡನೆ ಚಿತ್ರ ತಿಳಿಯಾಯಿತು.

"ಕೇಳಿಸ್ತಿದೆಯಾ, ಟೀಚರ್?"

"ಕೇಳಿಸ್ತಿದೆ," ಎಂದಳು ಮಿರೂನಾ.

ಅಣ್ಣ ಎತ್ತರದ ಆಳು. ಕುರ್ಚಿಯನ್ನೂ ತನ್ನ ಅಳತೆಗೇ ಏರಿಸಿಟ್ಟಿದ್ದ. ಅದನ್ನು ಇಳಿಸುವ ಹಿಡಿ ಅವಳ ಕೈಗೆ ತಾಕಿತು. ಕೈ ಹಿಂದಕ್ಕೆ ತೆಗೆದುಕೊಂಡು, ಕಾಲು ನೆಲ ಮುಟ್ಟದೆಯೇ ಪಾಠ ಶುರುಮಾಡಿದಳು.