ಕಲ್ದಾಸನ ರಾಟೆ

ಟ್ಯಾಂಕಿ ತುಂಬಿ ಹೊರಗೆ ಸುರಿಯುವ ಸದ್ದು ಕೇಳಿದರೂ ತ್ರಿಶಾ ಸ್ವಲ್ಪ ಹೊತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಇದ್ದಳು. ಈ ಮನೆಯಲ್ಲಿ ಪಂಪಿನ ಸ್ವಿಚ್ಚು ಯಾರೇ ಹಾಕಲಿ, ಆರಿಸುವುದು ಆದೀಶನ ಕೆಲಸವಾಗಿತ್ತು. ನೀರು ಟ್ಯಾಂಕಿಯ ಕೊರಳಿಗೆ ಬರುವಾಗ ಸದ್ದು ಬದಲಾಗುತ್ತದೆ ಎಂದು ಅವನು ಹೇಳುತ್ತಿದ್ದ. ಮನೆಯ ಯಾವ ಮೂಲೆಯಲ್ಲಿದ್ದರೂ ಅವನಿಗೆ ಅದು ತಿಳಿಯುತ್ತಿತ್ತು. ಅವಳಿಗೆ ಕೇಳಿಸಿದ್ದು ನೀರು ಹಿತ್ತಿಲಿನ ಸಿಮೆಂಟಿಗೆ ಬಿದ್ದ ಮೇಲೆ.

ಹಿಂದಿನ ದಿನ ಗಂಡ ಆದೀಶನ ಉತ್ತರಕ್ರಿಯೆ ಮುಗಿದಿತ್ತು. ಬೆಳ್ತಂಗಡಿಯಿಂದ ಬಂದಿದ್ದ ಅವಳ ತಂದೆ ತಾಯಿ, ಆದೀಶನ ಅಕ್ಕ ಭಾವ, ಎಲ್ಲರೂ ಸಂಜೆಯೇ ಹೊರಟಿದ್ದರು. ಬಾಡಿಗೆಯ ಕೆಂಪು ಕುರ್ಚಿಗಳು ಜಗಲಿಯಲ್ಲಿ ಒಂದರೊಳಗೊಂದು ಕೂತು ವ್ಯಾನಿಗೆ ಕಾಯುತ್ತಿದ್ದವು. ಅತ್ತೆ ಪುಷ್ಪಾವತಿ ಬೆಳಿಗ್ಗೆ ಎದ್ದು ಬಸದಿಗೆ ಹೋಗಿದ್ದರು. ಹಾಲು ಬಂದಿತ್ತು. ಪೇಪರ್ ಬಂದಿತ್ತು. ಇವತ್ತು ಇನ್ನು ಯಾರೂ ಬರುವವರಿರಲಿಲ್ಲ.

ಅವಳು ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದ್ದ ಬಕೇಟು ಮೇಲಿನಿಂದ ಬಿದ್ದ ನೀರಿಗೆ ತುಂಬಿ ಹರಿದು, ಅದರಲ್ಲಿದ್ದ ಸೀಮೆಎಣ್ಣೆ ಹಿತ್ತಿಲಿಡೀ ಬಣ್ಣಬಣ್ಣವಾಗಿ ಹರಡಿತ್ತು. ಬಕೇಟಿನ ತಳದಲ್ಲಿ ಬಾವಿಯ ಕಬ್ಬಿಣದ ರಾಟೆಯಿತ್ತು. ಅದು ಈ ಮನೆಯದಲ್ಲ.

ಆದೀಶನದು ಮೂಡುಬಿದಿರೆ ಪೇಟೆಯಲ್ಲಿ ಪಂಪುಸೆಟ್ಟಿನ ಅಂಗಡಿ. ಬಂಟ್ವಾಳದ ಹೊಳೆಬದಿಯಲ್ಲಿ ಬೀಯಮ್ಮ ಎಂಬ ಮುದುಕಿಯ ಬಾವಿಗೆ ಮೋಟರು ಕೂರಿಸಲು ಹೋದವನು ಈ ರಾಟೆಯನ್ನು ಕೇಳಿ ತಂದಿದ್ದ. ಬೀಯಮ್ಮನ ಮನೆಗೆ ಕಲ್ದಾಸ್ ಎಂದು ಹೆಸರು. ಬ್ಯಾರಿ ಮುಸ್ಲಿಮರ ಮನೆಗೆ ದಾಸನ ಹೆಸರು ಹೇಗೆ ಬಂತೆಂಬುದಕ್ಕೆ ಊರಿನಲ್ಲಿ ತಲೆಗೊಂದು ಕಥೆ. ಯಾರೋ ದಾಸರು ಆ ಬಾವಿಕಟ್ಟೆಯಲ್ಲಿ ಕೂತಲ್ಲೇ ಕಲ್ಲಾದರು ಎಂದು ಕೆಲವರು. ಕಲ್ಲು ಕೆತ್ತುವ ದಾಸನೊಬ್ಬನ ಜಾಗ ಅದು ಎಂದು ಕೆಲವರು. ಹಳಬರು ಈಗಲೂ ತುಳುವಿನಲ್ಲಿ ಗೌರವ ಸೇರಿಸಿ ‘ಕಲ್ದಾಸೆರ್’ ಎನ್ನುತ್ತಾರೆ. ರಾಟೆಯ ತುಕ್ಕಿನಡಿಯಲ್ಲಿ ಏನೋ ಅಕ್ಷರಗಳಿರುವುದು ಆದೀಶನ ಕಣ್ಣಿಗೆ ಬಿತ್ತು. ತಿಕ್ಕಿ, ಓದಿ, ಹೆಸರು ಎಲ್ಲಿಂದ ಬಂತೆಂದು ಹೇಳಿ, ರಾಟೆಯನ್ನು ತಿರುಗಿ ಕಟ್ಟಿಕೊಡುತ್ತೇನೆಂದು ಬೀಯಮ್ಮನಿಗೆ ಮಾತು ಕೊಟ್ಟ.

ಸಂಜೆ ಅಂಗಡಿಯಿಂದ ಬಂದವನು ಹಿತ್ತಿಲಲ್ಲಿ ಕೂತು ತಂತಿ ಬ್ರಷ್ಷಿನಿಂದ ತಿಕ್ಕುತ್ತಿದ್ದ. ಆರು ಅಕ್ಷರ ಬೆಳಕಿಗೆ ಬಂದಾಗ ಅವಳನ್ನು ಕರೆದು ತೋರಿಸಿದ. ಎಂ.ಎ. ಓದುವಾಗ ತ್ರಿಶಾ ಒಂದು ವರ್ಷ ಜರ್ಮನ್ ಕಲಿತಿದ್ದಳು. ವಾಸರ್, ಅಂದರೆ ನೀರು, ಎಂದಳು. ಬಾವಿಯ ಸಾಮಾನಿನ ಮೇಲೆ ನೀರು ಅಂತ ಬರೆಯುವ ಮರುಳ ಯಾರು ಮಾರಾಯ್ತಿ, ಇದರ ಹಿಂದೆ ಇನ್ನೂ ಏನೋ ಉಂಟು ಎಂದು ಅವನು ನಕ್ಕ. ಅದಾಗಿ ಎರಡು ದಿನಕ್ಕೆ, ಅಂಗಡಿಯಲ್ಲಿ ಗಿರಾಕಿಯೊಬ್ಬರೊಡನೆ ಮಾತಾಡುತ್ತಿದ್ದವನು ಮೇಜಿನ ಮೇಲೆ ತಲೆಯಿಟ್ಟ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು.

ಒಳಗೆ ಆದೀಶನ ಫೋನು ಬಡಿದುಕೊಂಡಿತು. ಅದನ್ನು ಅವಳು ದಿನಾ ಚಾರ್ಜಿಗೆ ಇಡುತ್ತಿದ್ದಳು. ಅವನು ಗಿರಾಕಿಗಳ ಹೆಸರನ್ನು ಅವರ ಪಂಪಿನ ಜೊತೆ ಸೇರಿಸಿ ಇಟ್ಟುಕೊಳ್ಳುತ್ತಿದ್ದ. ‘ಕಲ್ದಾಸ್ ನೌಫಲ್ ಒಂದು ಎಚ್‌ಪಿ’ ಎಂದು ಫೋನು ತೋರಿಸಿತು. ಬೀಯಮ್ಮನ ಮೊಮ್ಮಗ. ದುಬೈಯಿಂದ ರಜೆಯಲ್ಲಿ ಬಂದಿದ್ದಾನೆಂದು ಆದೀಶ ಹೇಳಿದ್ದ.

ಆದೀಶಣ್ಣ ಎಂದು ಶುರು ಮಾಡಿದವನಿಗೆ ಅವಳು ತಾನು ಅವರ ಹೆಂಡತಿ ಎಂದಳು.

“ಅಣ್ಣ ಇಲ್ವಾ?”

“ಇಲ್ಲ.”

ಹೊರಗೆ ಹೋಗಿರಬೇಕೆಂದು ಅವನು ತಿಳಿದ. ಅವಳು ತಿದ್ದಲಿಲ್ಲ. ಅವನು ವಿಷಯ ಹೇಳತೊಡಗಿದ. ಪಾಸ್‌ಪೋರ್ಟು ಹೊಸತು ಮಾಡಿಸುವುದಿದೆ. ಹಳೆಯದರಲ್ಲಿ ನೌಫಲ್ ಕಲ್ದಾಸ್ ಎಂದಿದೆ. ದುಬೈಯಲ್ಲಿ ಸೂಪರ್‌ವೈಸರಿನಿಂದ ಹಿಡಿದು ಡ್ರೈವರಿನವರೆಗೆ ಎಲ್ಲರೂ ದಾಸ್, ದಾಸ್ ಎಂದು ಕರೆದು, ನೀನು ಯಾವಾಗ ಮತ ಬದಲಿಸಿದ್ದು ಎಂದು ತಮಾಷೆ ಮಾಡುತ್ತಾರೆ. ಕಲ್ದಾಸ್ ತೆಗೆದುಬಿಡುವುದೆಂದು ತೀರ್ಮಾನಿಸಿ ನಾಳೆ ಬಿ.ಸಿ.ರೋಡಿನ ವಕೀಲರ ಹತ್ತಿರ ಹೋಗುವವನಿದ್ದಾನೆ. ಆದರೆ ಅಜ್ಜಿ ಮಾತು ಬಿಟ್ಟಿದ್ದಾರೆ.

“ಆ ಪಂಪಿನ ಹುಡುಗ ಬಂದು ಹೇಳ್ಲಿ, ಆಮೇಲೆ ಏನು ಬೇಕಾದ್ರೂ ಮಾಡು ಅಂತ ಹಟ. ಇನ್ನು ಕಾಯ್ಲಿಕ್ಕೆ ನನ್ನ ಹತ್ರ ದಿನ ಇಲ್ಲ ಅಕ್ಕ.”

“ಇವತ್ತು ತರ್ತೇನೆ” ಎಂದಳು ತ್ರಿಶಾ.

ಬ್ರಷ್ಷು ಅವನು ಇಟ್ಟಲ್ಲೇ ಇತ್ತು, ಟ್ಯಾಂಕಿಯ ಪೈಪಿನ ಹಿಂದೆ. ಅವಳು ನೆಲಕ್ಕೆ ಕೂತು ರಾಟೆಯನ್ನು ಮಡಿಲಿಗೆ ಎಳೆದುಕೊಂಡು ತಿಕ್ಕಿದಳು. ಸೀರೆ ಕಪ್ಪಾಯಿತು. ಅವನು ತಿಕ್ಕಿದ ಆರು ಅಕ್ಷರಗಳನ್ನು ಮುಟ್ಟಲಿಲ್ಲ. ಅವುಗಳ ಹಿಂದೆ ಮೊದಲು ಒಂದು ಟಿ ಎದ್ದಿತು. ಆಮೇಲೆ ಎಲ್. ತುಕ್ಕು ಹಕ್ಕಳೆಯಾಗಿ ಉದುರಿ ಎ ಕಾಣಿಸಿತು, ಅದರ ಹಿಂದೆ ಕೆ. ಚಕ್ರದ ಇನ್ನೊಂದು ಬದಿಯಲ್ಲಿ ಸಣ್ಣ ಅಕ್ಷರಗಳು ಬೇರೆ ಇದ್ದವು. ಅಲ್ಲಿ ಓ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿಗಳು ಸಿಕ್ಕಿದಾಗ ಅವಳ ಕೈ ನಿಂತಿತು. ಅದರ ಹಿಂದಿನ ಪುಟ್ಟ ಪದವನ್ನು ಯುಂಡ್ ಅಲ್ಲ, ಉಂಟ್ ಎನ್ನಬೇಕು ಎಂದು ಕ್ಲಾಸಿನಲ್ಲಿ ತಿದ್ದಿಸಿಕೊಂಡದ್ದು ನೆನಪಾಯಿತು. ಉಂಟ್ ಸೋನೆ. ಮತ್ತು ಮಕ್ಕಳು.

ಹಾಗಾದರೆ ಇದು ಒಬ್ಬ ಮನುಷ್ಯನ ಹೆಸರು. ಅವಳು ಗಟ್ಟಿಯಾಗಿ ಓದಿದಳು, “ಕಾಲ್ಟ್‌ವಾಸರ್.” ಇನ್ನೊಮ್ಮೆ, ಬೇಗ ಬೇಗ ಓದಿದಳು. ಮೂರನೆಯ ಸಲ ನಾಲಿಗೆ ತಾನಾಗಿ ತುಳುವಿಗೆ ಹೊರಳಿ ಕಲ್ದಾಸೆರ್ ಎಂದಿತು.

ಪುಷ್ಪಾವತಿ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಗೊತ್ತಾಗಲಿಲ್ಲ. ಸೊಸೆಯ ಮೊಣಕೈವರೆಗಿನ ಮಸಿ ನೋಡಿದರು. ಇದನ್ನು ಕೊಡಲು ಬಂಟ್ವಾಳಕ್ಕೆ ಹೋಗಬೇಕೆಂದು ತ್ರಿಶಾ ಹೇಳಿದಾಗ, ನಿನ್ನೆಯಷ್ಟೇ ಮುಗಿದದ್ದು, ಇಷ್ಟು ಬೇಗ ಹೊಸಿಲು ದಾಟಿದರೆ ಜನ ಏನೆಂದಾರು ಎಂದು ಗೊಣಗಿದರು. ಮತ್ತೆ ಒಳಗೆ ಹೋಗಿ ಅಂಗಡಿಯ ದಪ್ಪ ಬಟ್ಟೆಯ ಚೀಲ ತಂದು ಕಲ್ಲಿನ ಮೇಲಿಟ್ಟರು.

“ಓದ್ಲಿಕ್ಕೆ ಆಯ್ತಾ ಅದು?”

“ಆಯ್ತು.”

“ಅವ ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ” ಎಂದರು ಪುಷ್ಪಾವತಿ. “ಬೇರೆಯವರ ಬಾವಿದು. ಕೊಟ್ಟು ಬಾ.”

ಬಸ್ಸಿನಲ್ಲಿ ಅವಳು ಚೀಲವನ್ನು ಕಾಲಬುಡದಲ್ಲಿ ಇಟ್ಟುಕೊಂಡಳು. ಟಿಕೇಟಿಗೆ ಬಂದ ಕಂಡಕ್ಟರನ ಕಾಲು ಅದಕ್ಕೆ ಬಡಿಯಿತು.

“ಎಂಥದಕ್ಕ, ಕಲ್ಲು ತುಂಬಿಸಿದ್ದೀರಾ?”

“ಬಾವಿಯ ರಾಟೆ.”

“ಹಾಗಾದ್ರೆ ತಿರುಗಿ ಬರ್ತದಲ್ಲ. ರಿಟರ್ನ್ ಟಿಕೇಟ್ ಕೊಡ್ಲಾ?”

“ಇಲ್ಲ. ಅದು ಅಲ್ಲೇ ಇರ್ತದೆ.”

ಅವಳ ಮುಖ ನೋಡಿ ಅವನು ಮುಂದಿನ ಸೀಟಿಗೆ ಹೋದ. ಸಿದ್ಧಕಟ್ಟೆ ದಾಟುವವರೆಗೆ ಅವಳು ಫೋನಿನಲ್ಲಿ ಆ ಹೆಸರನ್ನೇ ಹುಡುಕಿ ಓದುತ್ತಿದ್ದಳು. ಜರ್ಮನಿಯ ನಕಾಶೆಯ ಮೇಲೆ ಆ ಹೆಸರಿನವರು ಇರುವಲ್ಲೆಲ್ಲ ಚುಕ್ಕಿ ಹಾಕಿದ್ದರು. ಮಳೆ ಶುರುವಾಗುವಾಗ ಅಂಗಳದಲ್ಲಿ ಬೀಳುವ ಹನಿಗಳಂತೆ ಅಲ್ಲೊಂದು ಇಲ್ಲೊಂದು ಚುಕ್ಕಿ. ಉಳಿದದ್ದೆಲ್ಲ ಖಾಲಿ.

ಬಂಟ್ವಾಳ ಪೇಟೆಯಲ್ಲಿ ಇಳಿದು ರಿಕ್ಷಾದವನಿಗೆ ಕಲ್ದಾಸ್ ಎಂದರೆ ಸಾಕಾಯಿತು. ಬೀಯಮ್ಮ ಬಾವಿಕಟ್ಟೆಯಲ್ಲಿದ್ದರು. ಮೋಟರು ಬಂದಿದ್ದರೂ ಕುಡಿಯುವ ನೀರನ್ನು ಅವರು ಕೈಯಲ್ಲೇ ಸೇದುತ್ತಿದ್ದರು. ರಾಟೆಯ ಜಾಗದಲ್ಲಿ ಪ್ಲಾಸ್ಟಿಕ್ಕಿನದೊಂದು ಕಟ್ಟಿತ್ತು. ಅದು ಎಳೆದಾಗಲೆಲ್ಲ ಕಿರುಚುತ್ತಿತ್ತು, ಹಗ್ಗ ಪಕ್ಕಕ್ಕೆ ಜಾರುತ್ತಿತ್ತು. ನೌಫಲ್ ಜಗಲಿಯಿಂದ ಇಳಿದು ಬಂದು ಚೀಲ ತೆಗೆದುಕೊಂಡ.

“ಅಣ್ಣ ಬರ್ಲಿಲ್ವಾ?”

ಬೀಯಮ್ಮನ ಕಣ್ಣು ತ್ರಿಶಾಳ ಬರಿಯ ಕೊರಳಿನ ಮೇಲೆ ನಿಂತಿತ್ತು. ಅವರು ಹಗ್ಗವನ್ನು ಕೈಬಿಟ್ಟರು.

ಮೊಮ್ಮಗನಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ಅವಳ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. “ಯಾವಾಗ ಮಗಾ?”

ತ್ರಿಶಾ ಹೇಳಿದಳು. ಅಂಗಡಿಯಲ್ಲಿ ಕೂತದ್ದು, ತಲೆಯಿಟ್ಟದ್ದು. ಅಷ್ಟು ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ. ನೌಫಲ್ ಚೀಲವನ್ನು ನೆಲಕ್ಕಿಡದೆ ಹಾಗೆಯೇ ಹಿಡಿದುಕೊಂಡು ನಿಂತಿದ್ದ. ಬೀಯಮ್ಮ ತಲೆಗೆ ಹೊದ್ದ ತಟ್ಟದ ತುದಿಯಿಂದ ಕಣ್ಣೊರಸಿಕೊಂಡರು. ಮೋಟರು ಕೂರಿಸಲು ಬಾವಿಗಿಳಿದವನು ಕೆಳಗಿನಿಂದ, ಅಜ್ಜಿ, ಇಷ್ಟು ತಂಪು ನೀರು ನಾನು ಎಲ್ಲಿಯೂ ನೋಡಿಲ್ಲ ಎಂದು ಕೂಗಿದ್ದನಂತೆ. ಮೇಲೆ ಬಂದು ಮೂರು ಗ್ಲಾಸು ಕುಡಿದನಂತೆ.

“ಅದೇ ಹೆಸರು” ಎಂದಳು ತ್ರಿಶಾ.

ಅವರಿಬ್ಬರೂ ಅವಳನ್ನು ನೋಡಿದರು.

“ನಿಮ್ಮ ಮನೆಯ ಹೆಸರಿನ ಅರ್ಥ ತಣ್ಣೀರು ಅಂತ. ದಾಸ ಅಲ್ಲ. ಕಾಲ್ಟ್‌ವಾಸರ್ ಅಂತ ಜರ್ಮನಿಯ ಒಂದು ಮನೆತನ. ಕೊನೆಗೆ ಎರ್ ಅಂತ ಬರ್ತದಲ್ಲ, ನಮ್ಮವರು ಅದನ್ನು ಮರ್ಯಾದೆ ಅಂತ ತಿಳಿದ್ರು. ಕಲ್ದಾಸೆರ್ ಅಂದ್ರು. ಆಮೇಲೆ ಮರ್ಯಾದೆ ಬಿಟ್ಟು ಕಲ್ದಾಸ್ ಮಾಡಿದ್ರು.”

ನೌಫಲ್ ಚೀಲದಿಂದ ರಾಟೆ ತೆಗೆದು ಬಿಸಿಲಿಗೆ ಹಿಡಿದ. ಒಂದೊಂದೇ ಅಕ್ಷರ ಓದಿದ. ಆ ಜರ್ಮನಿಯವನು ಇಲ್ಲಿಯೇ ಇದ್ದನಾ ಎಂದು ಕೇಳಿದ. ತ್ರಿಶಾ ಇದ್ದದ್ದನ್ನೇ ಹೇಳಿದಳು. ಅವನು ಈ ಊರಿಗೆ ಬಂದಿದ್ದಾನೆಂದು ಹೇಳಲು ಏನೂ ಇಲ್ಲ. ಇದು ರಾಟೆ ಎರಕ ಹೊಯ್ದವನ ಹೆಸರು. ಹಿಂದೆ ಹಂಚಿನ ಕಾರ್ಖಾನೆಗಳಿದ್ದ ಕಾಲದಲ್ಲಿ ಹೊಳೆದಾರಿಯಲ್ಲಿ ಬಂದ ಕಬ್ಬಿಣ ಇರಬಹುದು. ಅದನ್ನು ಓದಬಲ್ಲವರು ಯಾರೋ ಓದಿ ಹೇಳಿದ್ದನ್ನು ನೀರಿಗೆ ಬಂದವರು ಬಾವಿಯ ಹೆಸರು ಮಾಡಿರಬೇಕು, ಬಾವಿಯಿಂದ ಅದು ಮನೆಗೆ ಹತ್ತಿರಬೇಕು.

“ಅಲ್ಲಿ ತುಂಬ ಜನ ಇದ್ದಾರಾ ಈ ಹೆಸರಿನವರು?” ಬೀಯಮ್ಮ ಕೇಳಿದರು.

“ಇಲ್ಲ. ಅಲ್ಲಿಯೂ ಅಪರೂಪ. ತಣ್ಣನೆಯ ತೋಡು ಹರಿಯುವ ಊರಿಗೆ ಆ ಹೆಸರಿತ್ತಂತೆ, ಅಲ್ಲಿಂದ ಹೊರಟವರಿಗೆ ಊರಿನ ಹೆಸರೇ ಉಳಿಯಿತಂತೆ. ಇನ್ನೊಂದು ಕೂಡ ಹೇಳ್ತಾರೆ. ಶರಾಬು ಮುಟ್ಟದೆ ಬರೀ ನೀರು ಕುಡಿಯುವವನಿಗೆ ತಮಾಷೆಗೆ ಇಟ್ಟ ಹೆಸರು ಅಂತ.”

ಬೀಯಮ್ಮ ಮೊಮ್ಮಗನ ಕಡೆ ತಿರುಗಿದರು. ಎಷ್ಟೋ ದಿನದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು.

“ಕೇಳಿದೆಯಾ? ಶರಾಬು ಮುಟ್ಟದವ. ಅವ ನಮ್ಮವನೇ.”

ನೌಫಲನಿಗೆ ನಗು ಬಂತು. ತ್ರಿಶಾಳ ಮುಂದೆ ನಗಬಾರದೆಂದು ತುಟಿ ಕಚ್ಚಿಕೊಂಡ. ರಾಟೆಯನ್ನು ತಿರುಗಿಸಿ ಇನ್ನೊಂದು ಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು, ಇದೇನು ಎಂದ.

“ಮತ್ತು ಮಕ್ಕಳು” ಎಂದಳು ಅವಳು. “ಕಾಲ್ಟ್‌ವಾಸರ್ ಮತ್ತು ಮಕ್ಕಳು.”

“ಹಾಗೆ ಬರೆದುಂಟಾ?”

“ಉಂಟು.”

ಬೀಯಮ್ಮ ಕಬ್ಬಿಣವನ್ನು ಕೈಯಿಂದ ಸವರಿ ಮೊಮ್ಮಗನನ್ನು ನೋಡಿದರು. “ನಿನ್ನದೂ ಬರೆದಿದ್ದಾರೆ ಮೋನೆ, ನೀ ಹುಟ್ಟುವ ಮೊದಲೇ. ಇನ್ನು ವಕೀಲರ ಹತ್ರ ಹೋಗುವುದು ಬಿಡುವುದು ನಿನ್ನ ಇಷ್ಟ.”

ಅವನು ಫೋನು ತೆಗೆದು ರಾಟೆಯ ಎರಡೂ ಬದಿಯ ಫೋಟೋ ಹಿಡಿದ. ಸೂಪರ್‌ವೈಸರಿಗೆ ಕಳಿಸುತ್ತೇನೆ, ಇನ್ನು ತಣ್ಣೀರು ಅಂತ ಕರೀಲಿ ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಚಪ್ಪಲಿ ಕಳಚಿ ಕಟ್ಟೆ ಹತ್ತಿ ಪ್ಲಾಸ್ಟಿಕ್ಕಿನದನ್ನು ಬಿಚ್ಚಿ, ಹಳೆಯ ಕೊಕ್ಕೆಗೆ ರಾಟೆಯನ್ನು ಸಿಕ್ಕಿಸಿದ. ಹಗ್ಗ ದಾಟಿಸಿ ಕೊಡಪಾನಕ್ಕೆ ಕುಣಿಕೆ ಹಾಕಿದ. ಎಳೆಯಲು ಬಗ್ಗಿದವನನ್ನು ತ್ರಿಶಾ ತಡೆದಳು.

“ನಾನು ಎಳೀತೇನೆ.”

ಕೊಡಪಾನ ಕೆಳಗಿಳಿಯುವಾಗ ರಾಟೆ ರಭಸದಿಂದ ತಿರುಗಿತು. ಸದ್ದೇ ಇರಲಿಲ್ಲ, ಅಕ್ಷರಗಳೆಲ್ಲ ಕೂಡಿ ಒಂದು ಗೆರೆಯಾದವು. ಕೆಳಗೆ ನೀರು ಮುಟ್ಟಿದ ಸದ್ದು ಬಂತು. ಕೊಡಪಾನ ತುಂಬಿ ಮುಳುಗಿ ಭಾರವಾಗುವವರೆಗೆ ಅವಳು ಕಾದಳು. ಮತ್ತೆ ಎಳೆಯತೊಡಗಿದಳು. ಈಗ ರಾಟೆ ನಿಧಾನವಾಗಿ ತಿರುಗಿತು. ಅವಳು ಬೆಳಿಗ್ಗೆ ತಿಕ್ಕಿದ ಹೊಳೆಯುವ ಅಕ್ಷರಗಳು ಮೇಲೆ ಬಂದು ಸರಿದುಹೋದವು. ಅವುಗಳ ಹಿಂದೆಯೇ, ಆಗಲೇ ಸ್ವಲ್ಪ ಮಾಸಿದ ಆರು ಅಕ್ಷರಗಳು ಒಂದೊಂದಾಗಿ ಬಂದವು.

ಕೊಡಪಾನ ಕಟ್ಟೆಯ ಮಟ್ಟಕ್ಕೆ ಬಂತು. ತುಂಬಿದ ನೀರು ತುಳುಕಿ ಬಾವಿಗೇ ಬಿತ್ತು. ನೌಫಲ್ ಕೈ ಚಾಚಿದ. ಅವಳು ಹಗ್ಗವನ್ನು ಬಿಗಿಯಾಗಿ ಹಿಡಿದು, ತುಳುಕಿದ್ದು ಕೆಳಗೆ ಬಿದ್ದ ಸದ್ದು ಮೇಲೆ ಬರುವವರೆಗೆ, ಟ್ಯಾಂಕಿಗೆ ಆದೀಶ ಕಿವಿಗೊಡುತ್ತಿದ್ದಂತೆ, ಕಿವಿಗೊಟ್ಟು ನಿಂತಳು.