ನಿಂತುಹೋದ ಕೈಗಳು

ಪರದೆಯ ಮೇಲೆ ಬೇಕರಿಯಾಕೆಯ ಬಲಗೈ ಹೊಟ್ಟೆಯ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು. ಚಿತ್ರ ಮತ್ತೆ ಅಲುಗಾಡುವಷ್ಟರಲ್ಲಿ ಕೈ ಇನ್ನೆಲ್ಲೋ ಇತ್ತು. ನಡುವೆ ಆಕೆ ಏನು ಹೇಳಿದಳೋ, ಅಕ್ಕನಿಗೆ ಕಾಣಲಿಲ್ಲ.

ಕಿವಿ ಕೇಳಿಸದವರ ಸನ್ನೆಯನ್ನು ಡಾಕ್ಟರಿಗೆ ಮಾತಿನಲ್ಲಿ ತಿಳಿಸುವುದು ಅಕ್ಕನ ಕೆಲಸ. ಬೇಕರಿಯಲ್ಲಿ ದುಡಿಯುವ ಈ ರೋಗಿಯೂ ಡಾಕ್ಟರೂ ಆಸ್ಪತ್ರೆಯಲ್ಲಿ, ಇವಳು ಮನೆಯ ಊಟದ ಮೇಜಿನ ಮುಂದೆ, ನಡುವೆ ಈ ಲ್ಯಾಪ್‌ಟಾಪ್. ಕಾಣದ ಸನ್ನೆಯನ್ನು ಊಹಿಸಿ ಹೇಳಬಾರದು ಎಂಬುದು ಆ ಕೆಲಸದ ಮೊದಲ ಪಾಠ.

“ಕ್ಷಮಿಸಿ ಡಾಕ್ಟ್ರೇ, ಕೈ ಕಾಣ್ತಿಲ್ಲ.”

“ಹೊಟ್ಟೆನೋವು ತಾನೇ? ಮಾತ್ರೆ ಬರೆದುಬಿಡ್ತೀನಿ.”

“ಹಾಗಂತ ನಾನು ಹೇಳಿಲ್ಲ. ಅವ್ರು ಹೇಳೋದು ಪೂರ್ತಿ ಕಾಣೋವರೆಗೂ ದಯವಿಟ್ಟು ಬರೀಬೇಡಿ.”

ಮೈಕ್ ಆರಿಸಿ ತಮ್ಮನನ್ನು ಕೂಗಿದಳು. ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ತಮ್ಮ ಹಲ್ಲುಜ್ಜುತ್ತಲೇ ಬಂದ.

“ನಿನ್ನೆ ಇದಕ್ಕೆ ಏನು ಮಾಡಿದ್ಯೋ?”

“ಒಳ್ಳೇದೇ ಮಾಡಿದ್ದೀನಿ. ವೈಫೈ ನಡೆಸೋ ಸಾಫ್ಟ್‌ವೇರ್ ಇರುತ್ತಲ್ಲ, ಡ್ರೈವರ್ ಅಂತ, ಕಂಪನಿಯದನ್ನ ಕಿತ್ತು ಓಪನ್ ಸೋರ್ಸ್ ಡ್ರೈವರ್ ಹಾಕಿದೆ. ಎಲ್ಲಾ ಬಿಚ್ಚಿಟ್ಟಿರೋ ಲಿನಕ್ಸ್ ಇಟ್ಕೊಂಡು ಬೀಗ ಜಡಿದ ಡಬ್ಬ ಯಾಕೆ? ಇದನ್ನ ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು.”

“ಆ ಹೆಂಗಸಿನ ಕೈ ನೋಡೋಕಾಗ್ತಿಲ್ವಲ್ಲೋ.”

“ಈ ವೈಫೈ ಕಾರ್ಡಿಗೆ ಅದು ಸ್ವಲ್ಪ ನಿಧಾನ. ಕಾರ್ಡಿನ ಗುಟ್ಟು ಕಂಪನಿ ಬಿಟ್ಟುಕೊಡಲ್ಲ, ಜನ ತಡಕಾಡಿ ಬರೆದಿದ್ದಾರೆ. ಆದ್ರೆ ಕಂಪನಿ ಡ್ರೈವರ್‌ನಲ್ಲಿ ತೂತಿದೆ ಅಕ್ಕ. ವರ್ಷಗಟ್ಟಲೆ ಆದ್ರೂ ಮುಚ್ಚಿಲ್ಲ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತಾರೆ. ಅಲ್ಲಿಂದ ಯಾರಾದ್ರೂ ಒಳಗೆ ನುಗ್ಗಬಹುದು. ರೋಗಿಗಳ ಮಾತು ಗುಟ್ಟಾಗಿರಬೇಕು ಅಂತ ನೀನೇ ಹೇಳ್ತೀಯ.”

ಅವಳ ಮೈಯೆಲ್ಲ ಉರಿಯಿತು. ಕಂಪನಿಯವರು ತಾವೂ ರಿಪೇರಿ ಮಾಡುವುದಿಲ್ಲ, ಮಾಡುವವರಿಗೂ ಬಿಡುವುದಿಲ್ಲ, ಇದೆಂಥ ನ್ಯಾಯ? ತಮ್ಮ ಹೇಳಿದ್ದು ಸುಳ್ಳಲ್ಲ ಎನ್ನುವುದು ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

“ತೂತಿದ್ರೆ ನನಗೆ ಹೇಳ್ಬೇಕಿತ್ತು. ಕೇಳದೆ ಕೈ ಹಾಕೋಕೆ ಇದೇನು ನಿನ್ನ ಅಂಗಡಿಯಾ? ಓಪನ್ ಸೋರ್ಸ್ ನಿಷ್ಠೆ ನಿಂದು, ನೋವು ತಿನ್ನೋದು ಅವಳು.”

ಆಗ ಬೇಕರಿಯಾಕೆ ಒಂದು ಸನ್ನೆ ಮಾಡಿ ಕೈಯನ್ನು ಕದಲಿಸದೆ ಹಿಡಿದಳು. ಚಿತ್ರ ಕುಂಟುತ್ತ ತಲುಪಿದ ಮೇಲೆ ಮುಂದಿನ ಸನ್ನೆ. ‘ಯಾಕೆ ಜಗಳ?’

ಅಕ್ಕನಿಗೆ ನಾಚಿಕೆಯಾಯಿತು. ತಮ್ಮನನ್ನು ಬೈದಳೇ ಹೊರತು, ತಾನೂ ಈಕೆಯನ್ನು ಕೇಳಿರಲಿಲ್ಲ. ಮೈಕ್ ಹಾಕಿ, ಡಾಕ್ಟರಿಗೆ ಬಾಯಲ್ಲಿ, ಆಕೆಗೆ ಸನ್ನೆಯಲ್ಲಿ ವಿವರಿಸಿದಳು: ಹೀಗೇ ಬಿಟ್ಟರೆ ನಿಮ್ಮ ಕೈ ಕಾಣುವುದಿಲ್ಲ, ಹಳೆಯದನ್ನು ಹಾಕಿದರೆ ನಿಮ್ಮ ಮಾತು ಹೊರಬೀಳುವ ಭಯ. ಯಾವುದಾಗಲಿ?

ಉತ್ತರ ಒಂದೊಂದೇ ಸನ್ನೆಯಾಗಿ ಬಂತು. ಅಕ್ಕ ಒಂದಕ್ಷರ ಬಿಡದೆ ಡಾಕ್ಟರಿಗೆ ಒಪ್ಪಿಸಿದಳು: “ನನಗೆ ಕೇಳಿಸಲಿ ಅಂತ ಈ ಡಾಕ್ಟ್ರು ಕಿರುಚ್ತಾರೆ. ನನ್ನ ಕಾಯಿಲೆ ವಾರ್ಡಿಗೆಲ್ಲ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಹಳೇದನ್ನೇ ಹಾಕಿ, ನನ್ನ ಕೈ ನೋಡಿ.”

ಡಾಕ್ಟರು ಕೆಮ್ಮಿದರು. “ಸರಿ, ಕಾಯ್ತೀನಿ.”

ತಮ್ಮ ಬಾಯಿ ತೊಳೆದು ಬಂದು ಕಂಪನಿ ಡ್ರೈವರನ್ನು ಮತ್ತೆ ಕೂರಿಸಿದ. ಲ್ಯಾಪ್‌ಟಾಪ್ ಮರಳಿ ಎದ್ದೊಡನೆ ಅಕ್ಕ ಆಸ್ಪತ್ರೆಗೆ ಮತ್ತೆ ಕರೆ ಹಚ್ಚಿದಳು.

ಈಗ ಕೈಗಳು ತಡೆಯಿಲ್ಲದೆ ಓಡಿದವು. ಅಕ್ಕ ಹೇಳುತ್ತಾ ಹೋದಳು: “ಹೊಟ್ಟೆ ಮೇಲ್ಗಡೆ ಹಿಂಡಿದ ಹಾಗಾಗುತ್ತೆ. ಬ್ರೆಡ್ಡಿನ ಟ್ರೇ ಎತ್ತಿದ್ರೆ ಎದೆಗೇರಿ ಎಡತೋಳಿಗೆ ಇಳಿಯುತ್ತೆ. ತಣ್ಣಗೆ ಬೆವರು ಬರುತ್ತೆ. ಈಗಲೂ ಬರ್ತಿದೆ.”

ಡಾಕ್ಟರು ಪೆನ್ನು ಕೆಳಗಿಟ್ಟು ಇಸಿಜಿ ಯಂತ್ರ ತರಲು ನರ್ಸನ್ನು ಕೂಗಿದರು.

“ಬೇರೆ ಕಾರ್ಡ್ ತರ್ತೀನಿ ಅಕ್ಕ,” ಎಂದ ತಮ್ಮ ಮೆಲ್ಲಗೆ. “ಓಪನ್ ಡ್ರೈವರಲ್ಲೇ ಚೆನ್ನಾಗಿ ಓಡೋದು.”

“ತಾ. ಹಾಕೋಕೆ ಮುಂಚೆ ಕೇಳು,” ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.